ಹಲೀನಾಳ ಇಪ್ಪತ್ತನಾಲ್ಕು ಗೆರೆ

ನಾನು ಗೆರೆ ಎಳೆದು ಹೊಟ್ಟೆ ಹೊರೆದವಳು. ಮರಾಠಿ ಸೀಮೆಯ ಹಡಪಸರದಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಯಂತ್ರ ಮಾಡಿಕೊಡುವ ಕಂಪನಿಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಟ್ರೇಸರ್ ಆಗಿದ್ದೆ. ಹಾಗೆಂದರೇನೆಂದು ಈಗಿನ ಹುಡುಗರಿಗೆ ಗೊತ್ತಿಲ್ಲ. ಇಂಜಿನಿಯರ್ ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಕೆಳಗೆ ಕಾಣುವ ಗೆರೆಯನ್ನು ಮೇಲೆ ಶಾಯಿಯಲ್ಲಿ ಎಳೆಯಬೇಕು. ಇಂಜಿನಿಯರುಗಳ ಕೈ ಅವಸರದ್ದು, ಗೆರೆ ಸೊಟ್ಟಗಿರುತ್ತದೆ. ಅದನ್ನು ಅಳತೆಪಟ್ಟಿ ಹಿಡಿದು ನೆಟ್ಟಗೆ ಮಾಡುವುದೇ ನಮ್ಮ ಹೆಚ್ಚುಗಾರಿಕೆ. ನನ್ನಷ್ಟು ನೆಟ್ಟಗೆ ಎಳೆಯುವವರು ಆ ಆಫೀಸಿನಲ್ಲಿ ಇನ್ನೊಬ್ಬರಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಹೇಳಬೇಕಾದವರೆಲ್ಲ ಸತ್ತುಹೋಗಿದ್ದಾರೆ.

ನನಗೀಗ ಎಪ್ಪತ್ತು. ಗಂಡ ಮದುವೆಯಾದ ಮೂರನೆಯ ವರ್ಷಕ್ಕೇ ಹೋದ, ಮಕ್ಕಳಿಲ್ಲ. ಸಿಂದಗಿಯ ಕಡೆಯ ನಮ್ಮ ಮಂದಿ ಮೊದಲೆಲ್ಲ ಜೇಜುರಿಯ ದೇವರಿಗೆ ಹೋಗುವಾಗ ನನ್ನಲ್ಲಿಗೆ ಬಂದು ರೊಟ್ಟಿ ತಿಂದು ಹೋಗುತ್ತಿದ್ದರು. ಈಗ ಸ್ವಂತ ಗಾಡಿಗಳಾಗಿವೆ, ಹಡಪಸರದ ಟ್ರಾಫಿಕ್ಕಿಗೆ ಹೆದರಿ ಬೇರೆ ದಾರಿ ಹಿಡಿಯುತ್ತಾರೆ. ಅವರದೇನು ತಪ್ಪು? ನನ್ನ ಮನೆಯ ಕರೆಗಂಟೆ ಒತ್ತುವವನು ಗ್ಯಾಸಿನವನು, ಇಲ್ಲವೆ ಮನೆ ತಪ್ಪಿ ಬಂದ ಪಾರ್ಸೆಲ್ಲಿನವನು. ಒಮ್ಮೊಮ್ಮೆ ಎರಡು ಮೂರು ದಿನ ಮಾತೇ ಆಡಿರುವುದಿಲ್ಲ. ಆಮೇಲೆ ಹಾಲಿನವನಿಗೆ ‘ಅರ್ಧಾ ಲೀಟರ್’ ಎನ್ನುವಾಗ ನನ್ನ ದನಿಗೆ ನಾನೇ ಬೆಚ್ಚುತ್ತೇನೆ.

ಹೀಗಿರುವಾಗ ಹೋದ ಜುಲೈ ತಿಂಗಳ ಒಂದು ಭಾನುವಾರ ದೀಪಾಲಿ ಬಂದಳು. ಅವಳು ಸಿದ್ರಾಮಪ್ಪನವರ ಮಗಳು. ಸಿದ್ರಾಮಪ್ಪನವರು ನಮ್ಮ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವರು, ಜಮಖಂಡಿಯ ಕಡೆಯವರು. ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ದಿನಕರ್ಮಕ್ಕೆ ಹೋದಾಗ ಈ ಹುಡುಗಿಯನ್ನು ನೋಡಿದ್ದೆ. ಹುಡುಗಿಯೇನು, ನಲವತ್ತು ದಾಟಿದೆ, ಇಲ್ಲೇ ಹತ್ತಿರದ ಐಟಿ ಆಫೀಸೊಂದರಲ್ಲಿ ಮ್ಯಾನೇಜರ್.

“ಗೌರಾ ಕಾಕು, ಗುರ್ತು ಸಿಕ್ತೇನ್ರಿ?” ಎಂದಳು ಬಾಗಿಲಲ್ಲಿ.

“ನಿಮ್ಮಪ್ಪನ ಹಣಿ, ನಿಮ್ಮಪ್ಪನ ಮೂಗು. ಗುರ್ತು ಸಿಗದೆ ಏನವ್ವ? ಬಾ, ಕೂಡ್ರು.”

ಚಹಾ ಕುಡಿಯುವ ಮೊದಲೇ ಫೋನು ತೆಗೆದಳು. “ಪೋಲಂಡಿಂದ ಒಂದು ಮೇಲ್ ಬಂದದ ರೀ ಕಾಕು. ಹಲೀನಾ ಅಂತ ಸಂಗೀತ ಬರಿಯೋವ್ರು ಒಬ್ಬರಿದ್ರಂತ. ಅಪ್ಪ ಟ್ರೇನಿಂಗಿಗೆ ಹೋದಾಗ ಅವರ ಮನಿಯೊಳಗ ಬಾಡಿಗಿ ಇದ್ರು. ಅವರು ತಮ್ಮದೊಂದು ಸಂಗೀತದ ಹಾಳಿ ಅಪ್ಪನ ಕೈಯಾಗ ಕೊಟ್ಟು ಕಳಿಸ್ಯಾರ. ಅದರದು ಬ್ಯಾರೆ ಪ್ರತಿನೇ ಇಲ್ಲಂತ ರೀ ಜಗತ್ತಿನಾಗ! ಹಲೀನಾ ತೀರಿಕೊಂಡು ಹದಿನೈದು ವರ್ಷ ಆತಂತ. ಅವರ ಶಿಷ್ಯೆ ಒಬ್ಬಾಕಿ ಹುಡುಕ್ಲಿಕ್ಕೆ ಹತ್ಯಾರ. ಈ ಡಿಸೆಂಬರ್ ಹದಿಮೂರಕ್ಕ ಅದನ್ನ ನುಡಸಬೇಕಂತ ಮಾಡ್ಯಾರ.”

ನಾನು ಚಹಾದ ಕಪ್ಪನ್ನು ಅವಳ ಕಡೆ ಸರಿಸಿದೆ.

“ಅಪ್ಪನ ಡೈರಿಯೊಳಗ ‘ಹಲೀನಾ ಡ್ರಾಯಿಂಗ್, ಗೌರಾಬಾಯಿ ಹತ್ರ’ ಅಂತ ಬರದಾರ. ಅದ ಏನ್ರಿ ನಿಮ್ಮ ಹತ್ರ?”

“ಅದ,” ಎಂದೆ.

ಅಟ್ಟದ ಮೇಲಿನ ಪ್ಲಾಸ್ಟಿಕ್ ಕೊಳವೆಯಿಂದ ನಾಲ್ಕು ಹಾಳೆ ತೆಗೆದು ಹಾಸಿಗೆಯ ಮೇಲೆ ಹರಡಿದೆ. ದೀಪಾಲಿಗೆ ಗೆರೆಗಳು ಅರ್ಥವಾಗಲಿಲ್ಲ. ಆದರೆ ಮೂಲೆಯ ಚೌಕದಲ್ಲಿ ಅಪ್ಪನ ಸಹಿ ಕಂಡಿತು. ‘ತಪಾಸಣೆ ಮಾಡಿದವರು’ ಎಂಬಲ್ಲಿ ನೀಲಿ ಶಾಯಿಯ ಸಹಿ, ತಾರೀಖು. ಅದರ ಮೇಲೆ ಬೆರಳಿಟ್ಟು ಕಣ್ಣು ತುಂಬಿಕೊಂಡಳು. ಆ ಸಹಿ ಸುಳ್ಳು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ನಡೆದದ್ದು ಇಷ್ಟು. ಸಿದ್ರಾಮಪ್ಪನವರನ್ನು ಕಂಪನಿಯವರು 1981ರ ಸೆಪ್ಟೆಂಬರಿನಲ್ಲಿ ಪೋಲಂಡಿನ ಪೋಜ್ನಾನ್ ಎಂಬ ಊರಿಗೆ ಆರು ತಿಂಗಳು ಕಳಿಸಿದ್ದರು. ಅಲ್ಲಿ ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆಯುತ್ತಾರೆ. ಅಲ್ಲಿಯ ಯಂತ್ರವನ್ನು ನಮ್ಮ ಕಬ್ಬಿಗೆ ಹೊಂದಿಸಿ ಬಾರಾಮತಿಯ ಕಡೆ ಕೂಡಿಸುವುದಿತ್ತು. ಅಷ್ಟರಲ್ಲಿ ಡಿಸೆಂಬರ್ ಹದಿಮೂರಕ್ಕೆ ಅಲ್ಲಿ ಸೈನ್ಯದ ಆಡಳಿತ ಬಂತು. ತರಬೇತಿ ಅರ್ಧಕ್ಕೇ ನಿಂತು, ಫೆಬ್ರವರಿಯಲ್ಲಿ ಅವರು ಅರವತ್ತು ನಕ್ಷೆಗಳಿದ್ದ ಒಂದು ಕೊಳವೆ ಹೊತ್ತುಕೊಂಡು ವಾಪಸು ಬಂದರು. ಬಂದ ವಾರವೇ ಬಾರಾಮತಿಯಲ್ಲಿ ಕಬ್ಬು ನುರಿಸುವ ಹಂಗಾಮಿನ ನಡುವೆ ಹಳೆಯ ಯಂತ್ರ ಕೆಟ್ಟು ನಿಂತಿತು. ಕೊಳವೆಯನ್ನು ಬೀರುವಿನಲ್ಲಿಟ್ಟು, ತಾವು ಬಂದ ಮೇಲೆ ತೆಗೆಯೋಣ ಎಂದು ಹೇಳಿ ಅಲ್ಲಿಗೆ ಓಡಿದರು.

ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಮಧುಕರ್‌ಗೆ ತಾಳ್ಮೆಯೆಂಬುದಿರಲಿಲ್ಲ. ಡ್ರಾಯಿಂಗ್ ಆಫೀಸಿಗೆ ಹೆಂಗಸನ್ನು ತೆಗೆದುಕೊಂಡದ್ದೇ ತಪ್ಪು ಎನ್ನುತ್ತಿದ್ದ ಮನುಷ್ಯ. ನಾನು ಸೇರಿ ಇನ್ನೂ ಎರಡು ವರ್ಷ. ಅವನು ಕೊಳವೆ ತೆಗೆಸಿ ನನ್ನ ಮೇಜಿಗೆ ಹಾಕಿ, ಹತ್ತು ದಿನದಲ್ಲಿ ಎಲ್ಲ ಮುಗಿಯಬೇಕು, ಜಾಗ ಇಲ್ಲ ಎಂದ. ಹೆಂಗಸು ಏನು ಮಾಡಬಲ್ಲಳು ತೋರಿಸಿಯೇಬಿಡೋಣ ಎಂದು ಹಟಕ್ಕೆ ಕೂತೆ.

ನಲವತ್ತೊಂದನೆಯ ಹಾಳೆಯಿಂದ ನಾಲ್ಕು ಹಾಳೆ ಬೇರೆ ಥರ ಇದ್ದವು. ಮೇಲಿನಿಂದ ಕೆಳಗೆ ಇಪ್ಪತ್ತನಾಲ್ಕು ಅಡ್ಡ ಗೆರೆ. ಕೆಲವೆಡೆ ಹನ್ನೆರಡು ಗೆರೆ ಕೂಡಿ ದಪ್ಪ ಪಟ್ಟೆಯಾಗಿದ್ದವು, ಕೆಲವೆಡೆ ಒಂದೇ ಉಳಿದಿತ್ತು. ನೆತ್ತಿಯ ಮೇಲೆ ಅಂಕಿಗಳು, ಎಡಕ್ಕೆ ಪೋಲಿಷ್ ಅಕ್ಷರಗಳು. ಉಳಿದ ಹಾಳೆಗಳಲ್ಲೂ ಪೋಲಿಷ್ ಅಕ್ಷರವೇ ಇದ್ದುದರಿಂದ ನನಗೆ ವಿಚಿತ್ರವೆನಿಸಲಿಲ್ಲ. ಇಪ್ಪತ್ತನಾಲ್ಕು ಹಬೆ ಕೊಳವೆ ಇರಬೇಕು ಅಂದುಕೊಂಡೆ. ಆದರೆ ಗೆರೆಗಳು ಮಾತ್ರ ಒಂದಾದರೂ ನೆಟ್ಟಗಿರಲಿಲ್ಲ. ಎಲ್ಲವೂ ನಡುಗುತ್ತಿದ್ದವು. ಒಂದು ಕಡೆ ಸಣ್ಣ ನಡುಕ, ಒಂದು ಕಡೆ ಅಗಲ. ಬರೆದವರಿಗೆ ವಯಸ್ಸಾಗಿದೆ, ಪಾಪ, ಎಂದು ನಿಜವಾಗಿಯೂ ಮರುಗಿದೆ. ಪಟ್ಟಿ ಹಿಡಿದು ಒಂದೂವರೆ ದಿನ ಕೂತು ಎಲ್ಲವನ್ನೂ ನೆಟ್ಟಗೆ ಮಾಡಿದೆ. ಅಷ್ಟು ಚೊಕ್ಕ ಕೆಲಸ ನಾನು ಆಮೇಲೂ ಮಾಡಿಲ್ಲ.

ನಮ್ಮಲ್ಲಿ ಒಂದು ನಿಯಮವಿತ್ತು. ಟ್ರೇಸಿಂಗನ್ನು ಇಂಜಿನಿಯರ್ ಮೂಲದ ಜೊತೆ ಹೋಲಿಸಿ ನೋಡಿ ತಪಾಸಣೆಯ ಚೌಕದಲ್ಲಿ ಸಹಿ ಹಾಕಬೇಕು. ಆಮೇಲಷ್ಟೇ ಮೂಲವನ್ನು ಹರಿದು ಫೌಂಡ್ರಿಯ ಒಲೆಗೆ ಹಾಕುವುದು. ನಾನು ಸಹಿಗೆ ಕಾಯಲಿಲ್ಲ. ನನ್ನ ಗೆರೆಯಲ್ಲಿ ಯಾರೂ ತಪ್ಪು ಹಿಡಿದಿಲ್ಲ, ಸಹಿ ಎಲ್ಲಿ ಹೋಗುತ್ತದೆ ಎಂಬ ಸೊಕ್ಕು. ಮಧುಕರ್‌ನ ಕಣ್ಣೆದುರಿಗೆ ಮೇಜು ಖಾಲಿ ಮಾಡಿ ತೋರಿಸುವ ಚಪಲ ಬೇರೆ. ಅರವತ್ತೂ ಮೂಲಗಳನ್ನು ನನ್ನ ಕೈಯಾರೆ ಹರಿದು ಒಲೆಗೆ ಕಳಿಸಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸಿದ್ರಾಮಪ್ಪನವರು ಬಾರಾಮತಿಯಿಂದ ಬಂದ ದಿನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮಧ್ಯಾಹ್ನದ ಊಟದ ಹೊತ್ತು, ಆಫೀಸು ಖಾಲಿ. ಹಾಳೆಗಳನ್ನು ಒಂದೊಂದಾಗಿ ತಿರುವುತ್ತ ಆ ನಾಲ್ಕರ ಹತ್ತಿರ ನಿಂತರು.

“ಇದರ ಮೂಲ ಎಲ್ಲಿ ಅವ ರೀ?”

“ಸುಟ್ಟಾತ್ರಿ ಸಾಹೇಬ್ರ. ಎಲ್ಲಾ ಮುಗಿಸೇನಿ.” ಅದನ್ನು ಹೆಮ್ಮೆಯಿಂದಲೇ ಹೇಳಿದೆ.

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಆಮೇಲೆ, “ಗೆರಿ ಭಾಳ ಚಂದ ಬಂದಾವ ರೀ,” ಎಂದರು. ನನಗೆ ಖುಷಿಯಾಯಿತು. ದೇವರಾಣೆ, ಒಂದು ಕ್ಷಣ ಖುಷಿಯಾಯಿತು. ಆಮೇಲೆ ಅವರು ಅದು ಏನೆಂದು ಹೇಳಿದರು.

ಅದು ನಕ್ಷೆಯಲ್ಲ, ಸಂಗೀತ. ಇಪ್ಪತ್ತನಾಲ್ಕು ಗೆರೆಯೆಂದರೆ ಇಪ್ಪತ್ತನಾಲ್ಕು ಜನ, ಪಿಟೀಲಿನವರು, ಅದಕ್ಕಿಂತ ದೊಡ್ಡ ವಾದ್ಯದವರು. ಮೇಲಿನ ಅಂಕಿಗಳು ಸೆಕೆಂಡುಗಳು. ಗೆರೆ ನಡುಗಿದಲ್ಲಿ ತಂತಿಯ ಮೇಲಿನ ಬೆರಳು ನಡುಗಬೇಕು. ನಮ್ಮವರು ಸ್ವರಕ್ಕೆ ಆಂದೋಲನ ಕೊಡುತ್ತಾರಲ್ಲ, ಹೆಚ್ಚುಕಡಿಮೆ ಆ ಥರ. ನೆಟ್ಟಗಿದ್ದಲ್ಲಿ ಬೆರಳು ಅಲ್ಲಾಡಕೂಡದು. ಸ್ವರದ ಚುಕ್ಕಿಗಳ ಬದಲು ನಕ್ಷೆಯಂಥ ಗೆರೆಗಳೇ ಇದ್ದುದರಿಂದ ವಿಮಾನ ನಿಲ್ದಾಣದ ಸಿಪಾಯಿಗಳು ಸಕ್ಕರೆ ಯಂತ್ರದ್ದೆಂದು ತಿಳಿದು ಬಿಟ್ಟಿದ್ದರು. ನಾನೂ ಹಾಗೇ ತಿಳಿದೆ. ಆ ಸಿಪಾಯಿಗಳಿಂದ ಪಾರಾಗಿ ಬಂದದ್ದು ನನ್ನ ಕೈಯಿಂದ ಪಾರಾಗಲಿಲ್ಲ.

ನಾನು ಅತ್ತುಬಿಟ್ಟೆ. ಅಳುವಿಗಿಂತ ಹೆಚ್ಚಾಗಿ ಹೆದರಿಕೆ. ನಿಯಮ ಮುರಿದದ್ದಕ್ಕೆ ಕೆಲಸ ಹೋಗುತ್ತಿತ್ತು. ಮಧುಕರ್ ಕಾಯುತ್ತಲೇ ಇದ್ದ. ಕೆಲಸ ಹೋದರೆ ಸಿಂದಗಿಗೆ ಹೋಗಿ ಅಣ್ಣಂದಿರ ಮನೆಯಲ್ಲಿ ಮುಸುರೆ ತಿಕ್ಕಬೇಕು. ಸಿದ್ರಾಮಪ್ಪನವರು ಜೇಬಿನಿಂದ ಪೆನ್ನು ತೆಗೆದರು. ತಪಾಸಣೆಯ ಚೌಕದಲ್ಲಿ, ಮೂಲ ಸುಡುವುದಕ್ಕೆ ಮೊದಲಿನ ತಾರೀಖು ಹಾಕಿ, ಅರವತ್ತು ಹಾಳೆಗೂ ಸಹಿ ಮಾಡಿದರು.

“ಕಣ್ಣ ಒರಸ್ಕೋರಿ. ಮಂದಿ ಬರೂ ಹೊತ್ತಾತು,” ಎಂದರು.

ಆಮೇಲೆ ಎಷ್ಟೋ ವರ್ಷ ಊಟದ ಹೊತ್ತಿನಲ್ಲಿ, ಡಬ್ಬಿ ಬಿಚ್ಚಿ ಕೂತಾಗ, ಅವರು ನನಗೆ ಹಲೀನಾಳ ಕಥೆ ಹೇಳಿದರು. ನಾಲ್ಕು ಜನರ ನಡುವೆಯೇ ಕೂತು ಹೇಳುತ್ತಿದ್ದರು, ಉಳಿದವರು ಕ್ರಿಕೆಟ್ಟಿನ ಮಾತಾಡುತ್ತಿದ್ದರು, ಕೇಳುತ್ತಿದ್ದವಳು ನಾನೊಬ್ಬಳೇ. ಮಹಾಯುದ್ಧ ಮುಗಿದು ಅಲ್ಲಿ ರಷ್ಯದ ನೆರಳಿನ ಸರ್ಕಾರ ಬಂತಂತೆ. 1949ರಲ್ಲಿ ಸಂಗೀತ ಬರೆಯುವವರನ್ನೆಲ್ಲ ಕರೆದು, ದುಡಿಯುವ ಜನ ಗುನುಗುವಂಥದ್ದನ್ನು ಬರೆಯಿರಿ, ತಿಳಿಯದ್ದು ಬೇಡ ಎಂದರಂತೆ. ಹಲೀನಾ ಆಗ ಇಪ್ಪತ್ತಮೂರರ ಹುಡುಗಿ. ಏಳು ವರ್ಷ ಟ್ರ್ಯಾಕ್ಟರಿನ ಹಾಡು, ಗಣಿಯ ಹಾಡು ಬರೆದುಕೊಟ್ಟು, ತನ್ನ ಸ್ವಂತದ್ದನ್ನು ಅಡಿಗೆಮನೆಯ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. 56ರಲ್ಲಿ ಅವಳ ಪೋಜ್ನಾನಿನಲ್ಲೇ ಕಾರ್ಖಾನೆಯ ಕೆಲಸಗಾರರು ಬೀದಿಗಿಳಿದರು. ಯಾರು ಗುನುಗಲಿ ಎಂದು ಹಾಡು ಬರೆಸುತ್ತಿದ್ದರೋ ಅವರ ಮೇಲೇ ಗುಂಡು ಹಾರಿತು. ಆ ವರ್ಷದ ಕೊನೆಗೆ ಆಳುವವರು ಬದಲಾಗಿ, ಸಂಗೀತದವರ ಕೊರಳ ಹಗ್ಗ ಸಡಿಲವಾಯಿತು.

“ಬರಿಯೋವ್ರಿಗೆ, ಸಿನಿಮಾದವ್ರಿಗೆ ಅಷ್ಟು ಸಡಿಲ ಬಿಡಲಿಲ್ಲಂತ ರೀ,” ಎನ್ನುತ್ತಿದ್ದರು ಸಿದ್ರಾಮಪ್ಪನವರು ನಗುತ್ತ. “ಪಿಟೀಲು ಏನ್ ಹೇಳ್ತು ಅಂತ ಪೊಲೀಸ್ರು ರಿಪೋರ್ಟ್ ಬರೀಲಿಕ್ಕೆ ಬರೂದಿಲ್ಲ ನೋಡ್ರಿ.”

ಆ ಸಡಿಲದಲ್ಲೇ ಅಲ್ಲಿಯವರು ಹೊಸದಾಗಿ ಬರೆಯತೊಡಗಿದರು. ಕೆಲವರು ಸ್ವರ ಬಿಟ್ಟು ಗೆರೆ ಎಳೆದರು, ಪಟ್ಟೆ ಬರೆದರು. ಆಮೇಲೆ 81ರ ಆ ಭಾನುವಾರ. ಬೆಳಿಗ್ಗೆ ಎದ್ದರೆ ಫೋನು ಸತ್ತಿತ್ತು. ಟೀವಿಯಲ್ಲಿ ಮಕ್ಕಳ ಕಾರ್ಯಕ್ರಮದ ಬದಲು ಸಮವಸ್ತ್ರದ ಸೇನಾಪತಿ. ಕಿಟಕಿಯಾಚೆ ಹಿಮದಲ್ಲಿ ಟ್ಯಾಂಕು. ಮುಂದೆ ಫೋನು ಬಂದಾಗ ಪ್ರತಿ ಕರೆಯಲ್ಲೂ, ಈ ಮಾತು ಕೇಳಿಸಿಕೊಳ್ಳಲಾಗುತ್ತಿದೆ ಎಂದು ಒಂದು ಹೆಣ್ಣು ದನಿ ಹೇಳುತ್ತಿತ್ತಂತೆ. ಕಲಾವಿದರು ಸರ್ಕಾರದ ಟೀವಿಗೆ ಹೋಗುವುದಿಲ್ಲ ಎಂದು ಕೂತರು, ಚರ್ಚುಗಳಲ್ಲಿ ನುಡಿಸಿದರು. ಹಲೀನಾ ಮುಂದಿನ ಆರು ವಾರದಲ್ಲಿ ಅಡಿಗೆಮನೆಯ ಮೇಜಿನ ಮೇಲೆ ಈ ನಾಲ್ಕು ಹಾಳೆ ಬರೆದಳು. ನಕಲು ತೆಗೆಯುವ ಯಂತ್ರಗಳಿಗೆಲ್ಲ ಸರ್ಕಾರದ ಕಾವಲು. ಕರಡನ್ನು ಒಲೆಗೆ ಹಾಕಿ, ಚೊಕ್ಕ ಪ್ರತಿಯನ್ನು ಬಾಡಿಗೆದಾರನ ಕೊಳವೆಗೆ ಸೇರಿಸಿದಳು. ಸಿದ್ರಾಮಪ್ಪನವರು ಊರು ಬಿಟ್ಟ ಮರುವಾರ ಅವಳನ್ನು ಹಿಡಿದುಕೊಂಡು ಹೋಗಿ ಐದು ತಿಂಗಳು ಇಟ್ಟರು.

1990ರಲ್ಲಿ ಹಲೀನಾಳ ಕಾಗದ ಬಂತು. ನಮ್ಮಲ್ಲಿ ಈಗ ಯಾರೂ ಕಾಗದ ಒಡೆದು ಓದುವುದಿಲ್ಲ, ನನ್ನ ಹಾಳೆಗಳನ್ನು ಕಳಿಸಿಕೊಡಬಹುದು ಎಂದು. ಸಿದ್ರಾಮಪ್ಪನವರು ಅದನ್ನು ನನ್ನ ಮೇಜಿನ ಮೇಲಿಟ್ಟರು.

“ಏನ್ ಬರೀಲಿ ರೀ?”

ಮಧುಕರ್ ಆಗ ಮ್ಯಾನೇಜರ್ ಆಗಿದ್ದ, ತಿಳಿದರೆ ನನ್ನ ಕೆಲಸ ಹೋಗುತ್ತಿತ್ತು. ಅದು ನೆಪ. ನಿಜ ಏನೆಂದರೆ, ಆ ಹೆಂಗಸಿನ ಮುಂದೆ ನನ್ನ ತಪ್ಪು ಬಿಚ್ಚುವುದನ್ನು ನೆನೆಸಿಕೊಂಡು ನಾಚಿಕೆಯಾಯಿತು. “ಬರೀಬ್ಯಾಡ್ರಿ,” ಎಂದೆ. ಅವರು ಬರೆಯಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಹಳೆಯ ಟ್ರೇಸಿಂಗುಗಳನ್ನೆಲ್ಲ ರದ್ದಿಗೆ ಹಾಕಿ ಕಂಪನಿ ಕಂಪ್ಯೂಟರ್ ತಂದ ವರ್ಷ ಅವರು ಆ ನಾಲ್ಕನ್ನು ಮಾತ್ರ ಎತ್ತಿಟ್ಟು ನನಗೆ ಕೊಟ್ಟರು. ನನ್ನ ಕೆಲಸವೂ ಆ ವರ್ಷವೇ ಮುಗಿಯಿತು.

ಆ ಜುಲೈಯಲ್ಲೇ ದೀಪಾಲಿ ಹಾಳೆಗಳನ್ನು ಸ್ಕ್ಯಾನ್ ಮಾಡಿ ಕಳಿಸಿದಳು. ಪೋಲಂಡಿನಿಂದ ಆನಂದದ ಉತ್ತರ ಬಂತು. ಮೂಲ ಹೋಗಿದ್ದರೂ ಚಿಂತೆಯಿಲ್ಲ, ಇಂಜಿನಿಯರ್ ಹೋಲಿಸಿ ನೋಡಿ ಸಹಿ ಮಾಡಿದ ನಕಲು ಮೂಲಕ್ಕೆ ಸಮ ಎಂದು ಶಿಷ್ಯೆ ದನೂತಾ ಬರೆದಿದ್ದಳು. ಕಾರ್ಯಕ್ರಮದ ಪುಸ್ತಕದಲ್ಲಿ ಸಿದ್ರಾಮಪ್ಪನವರ ಹೆಸರು ಹಾಕುತ್ತಾರಂತೆ. ಈ ಸಂಗೀತವನ್ನು ಕಾಪಾಡಿದ ಭಾರತೀಯ ಇಂಜಿನಿಯರ್ ಎಂದು.

ದೀಪಾಲಿ ಪ್ರತಿ ಭಾನುವಾರ ಬರತೊಡಗಿದಳು. ಅಪ್ಪ ಆಫೀಸಿನಲ್ಲಿ ಹೇಗಿರುತ್ತಿದ್ದರು, ಏನು ತಿನ್ನುತ್ತಿದ್ದರು, ಸಿಟ್ಟು ಮಾಡುತ್ತಿದ್ದರೆ, ಎಲ್ಲ ಅವಳಿಗೆ ಬೇಕು. ನಾನು ಶನಿವಾರವೇ ಎಣ್ಣೆಗಾಯಿಗೆ ಬದನೆ ಆರಿಸಿ ತರುತ್ತಿದ್ದೆ. “ಕಾಕು, ಇವತ್ತ ಉಪ್ಪು ಜರಾ ಕಡಿಮಿ ಆಗೇದ,” ಎಂದು ಅವಳು ಒಮ್ಮೆ ಅಂದಾಗ ನನಗೆ ಬಂದ ಸಂತೋಷ ಯಾರಿಗೆ ಹೇಳಲಿ? ನನ್ನ ಅಡಿಗೆಗೆ ಹೆಸರಿಡುವವರು ಬಂದು ಎಷ್ಟು ವರ್ಷವಾಗಿತ್ತು! ಮುಂದಿನ ವಾರ ಹೇಳೋಣ, ಮುಂದಿನ ವಾರ ಹೇಳೋಣ ಎಂದು ಶ್ರಾವಣ ಹೋಯಿತು, ಗಣಪತಿ ಹೋಯಿತು, ದೀಪಾವಳಿಯೂ ಹೋಯಿತು. ಹೇಳಿದರೆ ಅವಳಪ್ಪನ ಹೆಸರು ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿದರೆ ಭಾನುವಾರಗಳು ಹೋಗುತ್ತವೆ ಎಂಬುದು ಒಳಗಿನ ಮಾತು.

ನವೆಂಬರಿನ ಮೂರನೆಯ ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತಂದು ನನ್ನ ಚಾಪೆಯ ಮೇಲಿಟ್ಟಳು. “ದನೂತಾ ಬಾಯಿ ನಿಮ್ಮ ಜೋಡಿ ಮಾತಾಡಬೇಕಂತಾರ ರೀ. ಮೊದಲ ರಿಹರ್ಸಲ್ ಕೇಳ್ರಿ, ಕಳಿಸ್ಯಾರ.”

ಕೇಳಿದೆ. ಹನ್ನೊಂದು ನಿಮಿಷ. ಇಪ್ಪತ್ತನಾಲ್ಕು ತಂತಿ ಒಟ್ಟಿಗೆ ಶುರುವಾಗಿ, ಒಂದಿಷ್ಟೂ ಅಲ್ಲಾಡದೆ, ಏರದೆ ಇಳಿಯದೆ ನಡೆದವು. ನಮ್ಮ ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ ಗುಂಯ್ಯೆನ್ನುವ ಹಾಗೆ. ಅದರಲ್ಲಿ ಮನುಷ್ಯರ ಉಸಿರೇ ಇರಲಿಲ್ಲ. ನಾನು ಅಂದು ಪಟ್ಟಿ ಹಿಡಿದು ಕೂತ ಒಂದೂವರೆ ದಿನ ನನಗೆ ಕಿವಿಯಿಂದ ಕೇಳಿಸಿತು.

ಆಮೇಲೆ ದನೂತಾ ಪರದೆಯ ಮೇಲೆ ಬಂದಳು. ಎಂಬತ್ತರ ಮುದುಕಿ, ಬಿಳಿ ಜುಟ್ಟು, ಚೂಪು ಕಣ್ಣು. ನಿಧಾನವಾಗಿ ಇಂಗ್ಲಿಷಿನಲ್ಲಿ ಮಾತಾಡಿದಳು, ದೀಪಾಲಿ ಕನ್ನಡದಲ್ಲಿ ಹೇಳುತ್ತ ಹೋದಳು.

“ನಾ ಹಲೀನಾ ಹತ್ರ ಕಲೀವಾಗ ನೆಟ್ಟಗಿನ ಸ್ವರ ನುಡಿಸಿದ್ರ ಕೈ ಮ್ಯಾಲೆ ಹೊಡೀತಿದ್ರು ಅಂತಾರ ರೀ. ಉಸಿರಾಡೋ ಮನಷ್ಯಾನ ಕೈ ನಡಗಬೇಕು, ಅದ ಸಂಗೀತ ಅಂತಿದ್ರಂತ. ಸರಕಾರದವರು ನೆಟ್ಟಗ ಬರೀ ಅಂದಾಗ ಏಳು ವರ್ಷ ತಮ್ಮದನ್ನ ಮುಚ್ಚಿಟ್ರೇ ಹೊರತು ತಿದ್ದಲಿಲ್ಲಂತ. ಅದಕ್ಕ ಈ ಹಾಳಿ ನೋಡಿ ದನೂತಾ ಬಾಯಿಗೆ ಆಘಾತ ಆತಂತ. ಒಂದು ಗೆರೀನೂ ನಡಗೂದಿಲ್ಲ. ಆ ಚಳಿಗಾಲದಾಗ ಹಲೀನಾನ್ನ ಮುರದ ಬಿಟ್ಟಾರ, ಯಾರಿಗೂ ತಿಳದಿಲ್ಲ ಅಂತಾರ. ಕಾರ್ಯಕ್ರಮದ ದಿನ ಇದನ್ನ ಮಂದಿ ಮುಂದ ಹೇಳ್ತಾರಂತ. ಇದು ಸೋತ ಹೆಣ್ಣುಮಗಳ ಸಂಗೀತ ಅಂತ.”

ದೀಪಾಲಿಯ ಕಣ್ಣಲ್ಲಿ ನೀರಿತ್ತು. “ಎಷ್ಟ್ ಖರೇ ಅನಸ್ತದಲ್ರಿ ಕಾಕು,” ಎಂದಳು.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಹೇಳಲಿ? ಟ್ಯಾಂಕು ತಂದವರಿಂದ ಆಗದ್ದನ್ನು ನಾನು ಮಾಡಿದ್ದೆ. ಐದು ತಿಂಗಳು ಕೂಡಿಹಾಕಿದರೂ ಬಗ್ಗದ ಹೆಂಗಸನ್ನು ನನ್ನ ಪಟ್ಟಿ ಸೋಲಿಸಿ ಕೂಡಿಸಿತ್ತು. ಅವಳು ಸತ್ತ ಮೇಲೆ ಅವಳ ಶಿಷ್ಯೆಯ ಬಾಯಲ್ಲೇ ಅದನ್ನು ಹೇಳಿಸುತ್ತಿತ್ತು. ನಾನು ಇನ್ನೂ ಬಾಯಿಗೆ ಬೀಗ ಹಾಕಿಕೊಂಡು ಕೂತರೆ ನನ್ನಂಥ ಕೆಟ್ಟವಳಿಲ್ಲ ಅನಿಸಿತು.

“ದೀಪಾ, ಆಕಿಗೆ ಹೇಳು. ಹಲೀನಾ ಸೋತಿದ್ದಿಲ್ಲ. ಅವು ಹಲೀನಾನ ಗೆರಿ ಅಲ್ಲ, ನನ್ನವು. ಮೂಲದಾಗ ಎಲ್ಲಾ ಗೆರಿ ನಡಗತಿದ್ವು.”

ಅವಳು ನನ್ನ ಮುಖ ನೋಡಿದಳು. “ಏನಂತೀರಿ ಕಾಕು?”

“ಹೇಳವ್ವ. ಒಂದೂ ಬಿಡದ ಹೇಳು.”

ಎಲ್ಲವನ್ನೂ ಹೇಳಿದೆ. ಪಟ್ಟಿ, ಒಲೆ, 1990ರ ಕಾಗದ. ಅವಳು ಇಂಗ್ಲಿಷಿಗೆ ತಿರುಗಿಸುತ್ತ ಹೋದಳು, ದನಿ ಸಣ್ಣದಾಗುತ್ತ ಹೋಯಿತು. ಸಹಿಯ ವಿಷಯ ಬಂದಾಗ ನಿಲ್ಲಿಸಿಬಿಟ್ಟಳು. “ಅದನ್ನೂ ಹೇಳು,” ಎಂದೆ. ಅದನ್ನೂ ಹೇಳಿದಳು.

ದನೂತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ಕೈ ತೆಗೆದಾಗ ನಗುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. ನಾಲ್ಕು ತಿಂಗಳಿಂದ ನಾನು ನನ್ನ ಗುರುವನ್ನು ಎರಡನೆಯ ಸಲ ಮಣ್ಣು ಮಾಡಿಕೊಂಡು ಕೂತಿದ್ದೆ ಎಂದಳಂತೆ. ಕೆನ್ನೆ ಒರೆಸಿಕೊಂಡು ಇನ್ನೊಂದು ಕೇಳಿದಳು. ನೀವು ಆ ಗೆರೆಗಳ ಮೇಲೆ ಒಂದೂವರೆ ದಿನ ಕೂತವರು. ಎಲ್ಲಿ ಎಷ್ಟು ನಡುಗುತ್ತಿತ್ತು, ನೆನಪಿನಿಂದ ಎಳೆದುಕೊಡುತ್ತೀರಾ? ಇನ್ನೂ ನಾಲ್ಕು ವಾರವಿದೆ.

ಆಸೆಯಾಯಿತು. ಸುಳ್ಳು ಹೇಳುವುದಿಲ್ಲ, ಭಾಳ ಆಸೆಯಾಯಿತು. ಹಾಗೆ ಮಾಡಿದರೆ ಸಂಗೀತವೂ ಉಳಿಯುತ್ತದೆ, ಸಿದ್ರಾಮಪ್ಪನವರ ಹೆಸರೂ ಉಳಿಯುತ್ತದೆ, ಭಾನುವಾರಗಳೂ ಉಳಿಯುತ್ತವೆ. ನಾನು ಬಲಗೈಯನ್ನು ಕ್ಯಾಮೆರಾದ ಮುಂದೆ ಹಿಡಿದೆ. ಎರಡು ವರ್ಷದಿಂದ ಅದು ಚಮಚೆಯನ್ನೂ ಸರಿಯಾಗಿ ಹಿಡಿಯುವುದಿಲ್ಲ. ಹಿಡಿದಷ್ಟು ಹೊತ್ತೂ ನಡುಗಿತು.

“ನನ್ನ ಕೈ ಈಗ ತಾನ ನಡಗತದ,” ಎಂದೆ. “ಎಳದ್ರ ಆಕಿ ನಡುಕ ಬರೂದಿಲ್ಲ, ನನ್ನದು ಬರತದ. ಒಮ್ಮೆ ನನ್ನ ಗೆರಿ ಆಕಿ ಹೆಸರಿನ್ಯಾಗ ಹೋತು. ಇನ್ನೊಮ್ಮೆ ಬ್ಯಾಡ.”

ದನೂತಾ ತಲೆಯಾಡಿಸಿದಳು. ಹಾಗಾದರೆ ಇದನ್ನು ನುಡಿಸುವುದಿಲ್ಲ, ಹಲೀನಾಳದೇ ಬೇರೊಂದನ್ನು ನುಡಿಸುತ್ತೇವೆ ಎಂದಳು. ನನಗೆ ಕೈಮುಗಿದಳು, ನಮ್ಮವರ ಹಾಗೆ. ಅದನ್ನು ಎಲ್ಲಿ ಕಲಿತಿದ್ದಳೋ, ಯಾರಿಂದ ಕಲಿತಿದ್ದಳೋ ಕೇಳಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿ ದೀಪಾಲಿ ಅದನ್ನು ಬ್ಯಾಗಿಗೆ ಹಾಕಿಕೊಂಡಳು. ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು.

“ಅಪ್ಪ ನಿಮ್ಮನ್ನ ಬೈಲಿಲ್ಲೇನ್ರಿ?”

“ಇಲ್ಲವ್ವ.”

“ಒಬ್ಬಾಕಿ ನಂಬಿ ಕೊಟ್ಟಿದ್ದು ಹಾಳಾಗಿ ಹೋತು. ಆಕಿ ಕಾಗದ ಬರದ್ಲು, ಉತ್ತರಾ ಕೊಡಲಿಲ್ಲ. ಯಾಕ? ನಿಮ್ಮ ನೌಕರಿ ಸಲುವಾಗಿ?”

“ಹೂಂ.”

ಅವಳು ಎದ್ದು ಬ್ಯಾಗು ಹೆಗಲಿಗೇರಿಸಿದಳು. ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ ಕೇಳಿದಳು: “ನಮ್ಮ ಅವ್ವಗ ಗೊತ್ತಿತ್ತೇನ್ರಿ?”

“ಗೊತ್ತಾಗೂವಂಥಾದ್ದು ಏನೂ ಇದ್ದಿದ್ದಿಲ್ಲ ದೀಪಾ,” ಎಂದೆ. ಅದು ನಿಜ. ಆ ಮನುಷ್ಯನ ಬೆರಳೂ ನನಗೆ ತಾಗಿಲ್ಲ. ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ ‘ರೀ’ ಬಿಟ್ಟು ಮಾತಾಡಿಲ್ಲ. ಆದರೆ ನಾಲ್ಕು ತಿಂಗಳು ನನ್ನ ಸುಳ್ಳನ್ನು ನಂಬಿದ ಹುಡುಗಿ ಈ ನಿಜವನ್ನು ನಂಬಲಿಲ್ಲ. ಅವಳ ಚಪ್ಪಲಿಯ ಸಪ್ಪಳ ಮೂರೂ ಮಹಡಿ ಇಳಿಯುವವರೆಗೆ ಕೇಳಿಸಿಕೊಂಡೆ.

ಆಮೇಲೆ ಅವಳು ಬಂದಿಲ್ಲ. ಕಾರ್ಯಕ್ರಮ ಮುಗಿದ ವಾರ ಫೋನಿಗೆ ಒಂದು ಫೈಲು ಮಾತ್ರ ಕಳಿಸಿದ್ದಳು, ಮೇಲೆ ಒಂದು ಮಾತೂ ಬರೆಯದೆ. ಪೋಲಂಡಿನವರ ಪುಸ್ತಕ. ಕೊನೆಯಲ್ಲಿ ಹಲೀನಾ ಬರೆದವುಗಳ ಪಟ್ಟಿ, ಪಕ್ಕದಲ್ಲಿ ಇಂಗ್ಲಿಷ್. ಕನ್ನಡಕ ಹಾಕಿಕೊಂಡು ಹುಡುಕಿದೆ. 1982, ಇಪ್ಪತ್ತನಾಲ್ಕು ತಂತಿವಾದ್ಯಗಳಿಗೆ, ಮೂಲ ಉಳಿದಿಲ್ಲ. ಅಷ್ಟೇ. ಮೊದಲಿನಿಂದ ಕೊನೆಯವರೆಗೆ ಎರಡು ಸಲ ನೋಡಿದೆ. ಸಿದ್ರಾಮಪ್ಪನವರ ಹೆಸರು ಎಲ್ಲೂ ಇರಲಿಲ್ಲ.

ಮಾಡಿದ್ದು ಸರಿ ಎಂದು ನನಗೆ ಗೊತ್ತು. ಮತ್ತೆ ಆ ದಿನ ಬಂದರೂ ಹಾಗೇ ಹೇಳುತ್ತೇನೆ. ಆದರೂ ಎದೆಯಲ್ಲಿ ಒಂದು ಮಾತು ಕುದಿಯುತ್ತದೆ. ಗಂಡನಿಲ್ಲ, ಮಕ್ಕಳಿಲ್ಲ, ಅಣ್ಣಂದಿರು ಲೆಕ್ಕಕ್ಕಿಲ್ಲ. ಇಷ್ಟು ದೊಡ್ಡ ಬದುಕಿನಲ್ಲಿ ಒಬ್ಬ ಮನುಷ್ಯ ನನಗೋಸ್ಕರ, ನಾನು ಅಳುವುದನ್ನು ನೋಡಲಾರದೆ, ತನ್ನ ಮಾತು ಕೆಡಿಸಿಕೊಂಡು ಮಾಡಿದ ಕೆಲಸ ಅದೊಂದೇ, ಆ ಸಹಿ. ಅದು ಸುಳ್ಳು ಎಂದು ನಾನೇ ಬಾಯಿಬಿಟ್ಟು ಹೇಳಿದೆ.